ಕೌದಿಯೊಂದಿಗೆ ಗಣಿತ, ಕನ್ನಡ ಮತ್ತು ಕಾಳಜಿ: ಏಳನೇ ತರಗತಿಯ ಒಂದು ಸಮನ್ವಯ ಪಾಠ

ಪೀಠಿಕೆ

ಉಟ್ಟು ಹಳೆಯದಾದ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಸೂಜಿಯಿಂದ ಸಾಲು ಸಾಲಾಗಿ ಹೊಲಿದು ಮಾಡುವ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಹುಲಿಗಿಯ ಮಕ್ಕಳಿಗಂತೂ ಅದು ತೀರಾ ಪರಿಚಿತ ವಸ್ತು. ಕೆಲವರ ಮನೆಯ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ದಡಿ ಇದೆ, ಗುಳೇದಗುಡ್ಡದ ಖಣದ ತುಣುಕು ಇದೆ. ಆದರೆ ಇಷ್ಟು ಹತ್ತಿರದ ವಸ್ತು ನಮ್ಮ ಪಾಠ ಯೋಜನೆಗಳ 'ಕಲಿಕೋಪಕರಣ' ಕಾಲಂನಲ್ಲಿ ಕಾಣಿಸುವುದು ಅಪರೂಪ.

ಡಿ.ಎಲ್.ಇಡಿ. ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ಹುಲಿಗಿಯ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ, ಏಳನೇ ತರಗತಿಯ 32 ಮಕ್ಕಳೊಂದಿಗೆ ನಾನು ಕೈಗೊಂಡ ಪಾಠದ ವಿವರ ಇಲ್ಲಿದೆ. ಆಸ್ಪತ್ರೆಯಲ್ಲಿರುವ ಮಕ್ಕಳಿಗಾಗಿ ಕೌದಿ ಹೊಲಿಯುವುದು ಪಾಠದ ಚಟುವಟಿಕೆ. ಹೊಲಿಗೆಗಿಂತ ಕಷ್ಟದ ಪ್ರಶ್ನೆಯೊಂದು ಇದರಲ್ಲಿತ್ತು: ಕಷ್ಟದಲ್ಲಿರುವ ಇನ್ನೊಂದು ಮಗುವನ್ನು ತರಗತಿಯ ವಿಷಯವಾಗಿಸುವಾಗ, ಆ ಮಗುವಿನ ಮಾನ ಉಳಿಸುವುದು ಹೇಗೆ?

ಪಾಠದ ಹಿನ್ನೆಲೆ

ಆಸ್ಪತ್ರೆಯ ಮಕ್ಕಳಿಗೆ ಹೊದಿಕೆ ಹೊಲಿದುಕೊಡುವ ಸ್ವಯಂಸೇವಕರ ಕೆಲಸ ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ಕ್ಯಾರೆನ್ ಲೌಕ್ಸ್ ಎಂಬ ಮಹಿಳೆ 1995ರಲ್ಲಿ ಪತ್ರಿಕೆಯೊಂದರಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಪುಟ್ಟ ಮಗುವಿನ ಬಗ್ಗೆ ಓದಿದರು. ತನ್ನ ಹೊದಿಕೆ ಜೊತೆಗಿದ್ದುದರಿಂದ ಚಿಕಿತ್ಸೆಯನ್ನು ತಾಳಿಕೊಂಡೆ ಎಂದು ಆ ಮಗು ಹೇಳಿತ್ತು. ಅದನ್ನು ಓದಿದ ಅವರು ಡೆನ್ವರ್‌ನ ಮಕ್ಕಳ ಕ್ಯಾನ್ಸರ್ ಕೇಂದ್ರಕ್ಕೆ ಹೊದಿಕೆ ಹೊಲಿದುಕೊಡಲು ಮುಂದಾದರು. ಹೀಗೆ ಹುಟ್ಟಿದ್ದು 'ಪ್ರಾಜೆಕ್ಟ್ ಲೈನಸ್'. ಸದಾ ಹೊದಿಕೆ ಹಿಡಿದೇ ಓಡಾಡುವ ಲೈನಸ್, ಚಾರ್ಲ್ಸ್ ಷುಲ್ಜ್ ಅವರ 'ಪೀನಟ್ಸ್' ಚಿತ್ರಕಥೆಯ ಹುಡುಗ.

ಮಗು ಬಟ್ಟೆಯ ತುಂಡೊಂದಕ್ಕೆ ಅಂಟಿಕೊಳ್ಳುವುದೇಕೆ? ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1951ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇಂಥ ವಸ್ತುವನ್ನು 'ಸಂಕ್ರಮಣ ವಸ್ತು' ಎಂಬ ಅರ್ಥದ ಹೆಸರಿನಿಂದ ಕರೆದರು. ತಾಯಿಯ ಮಡಿಲಿಗೂ ಹೊರಗಿನ ಲೋಕಕ್ಕೂ ನಡುವೆ ಮಗು ಹಿಡಿದುಕೊಳ್ಳುವ ಆಸರೆ ಅದು. ವಸ್ತುವಿನ ಮೇಲೆ ಪೂರ್ತಿ ಹಕ್ಕು ಮಗುವಿನದು. ಅದನ್ನು ಬದಲಾಯಿಸಬೇಕಾದರೆ ಮಗುವೇ ಬದಲಾಯಿಸಬೇಕು. ಅದು ಕೊಳೆಯಾದರೂ ತಾಯಂದಿರು ಒಗೆಯದೆ ಬಿಡುವುದುಂಟು. ಒಗೆದರೆ ಮಗುವಿನ ಅನುಭವದ ಎಳೆ ತುಂಡಾಗುತ್ತದೆ ಎಂಬುದೂ ಅವರು ಗಮನಿಸಿದ ಸಂಗತಿ.

ಈ ಓದಿನಿಂದ ಪಾಠಕ್ಕೆ ಮುಖ್ಯವಾದ ಒಂದು ಅಂಶ ಸಿಕ್ಕಿತು. ಆಸ್ಪತ್ರೆಯ ಹೊದಿಕೆ ಆಸ್ಪತ್ರೆಯದು. ಬಿಡುಗಡೆಯ ದಿನ ಅದು ಅಲ್ಲಿಯೇ ಉಳಿಯುತ್ತದೆ. 2009ರಲ್ಲಿ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಬಂದ ನೆರೆಯಂಥ ಸಂದರ್ಭದಲ್ಲಿ ಹಂಚುವ ಹೊದಿಕೆಗಳು ಚಳಿ ಕಳೆಯುತ್ತವೆ, ಆದರೆ ಎಲ್ಲವೂ ಒಂದೇ ಬಗೆಯವು. ಕೌದಿಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅದು ಮಗುವಿನ ಸ್ವಂತದ್ದಾಗಬೇಕು, ಮಗುವಿನ ಜೊತೆ ಮನೆಗೆ ಹೋಗಬೇಕು. ಅಳತೆಯಿಂದ ಹಿಡಿದು ಚೀಟಿಯ ಬರಹದವರೆಗೆ ಪಾಠದ ಎಲ್ಲ ತೀರ್ಮಾನಗಳನ್ನೂ ಈ ಒಂದು ಮಾತಿನ ಮೇಲೆ ನಿಲ್ಲಿಸಿದೆ.

ಕೈಕೆಲಸದ ಮೂಲಕ ಕಲಿಕೆ ಎಂಬುದು 1937ರ ವಾರ್ಧಾ ಸಮ್ಮೇಳನದ ನಯೀ ತಾಲೀಮ್‌ನಿಂದಲೂ ನಮಗೆ ಗೊತ್ತಿರುವ ತತ್ವ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಅವಧಿಯಲ್ಲಿ 10 ಬ್ಯಾಗ್‌ರಹಿತ ದಿನಗಳನ್ನು ಸ್ಥಳೀಯ ಕುಶಲಕರ್ಮಿಗಳೊಂದಿಗೆ ಕಳೆಯಲು ಹೇಳುತ್ತದೆ. ಹಾಗಾಗಿ ಊರಿನ ಇಬ್ಬರು ಅಜ್ಜಿಯರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಆಹ್ವಾನಿಸಿದೆ.

ಕಲಿಕಾ ಫಲಗಳು

1. ಚೌಕದ ವಿಸ್ತೀರ್ಣ, ಭಿನ್ನರಾಶಿ ಮತ್ತು ಶೇಕಡಾ ಪ್ರಮಾಣವನ್ನು ನಿಜವಾದ ಬಟ್ಟೆಯ ಮೇಲೆ ಲೆಕ್ಕ ಹಾಕುವರು.
2. ಪದರಗಳ ನಡುವಿನ ಗಾಳಿ ಶಾಖವನ್ನು ತಡೆಯುವ ಬಗೆಯನ್ನು ವಿವರಿಸುವರು.
3. ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಾಲಿನ ಬರಹವನ್ನು ತಿದ್ದಿ ಬರೆಯುವರು.
4. ಕನಿಕರಕ್ಕೂ ಕಾಳಜಿಗೂ ಇರುವ ವ್ಯತ್ಯಾಸವನ್ನು ತಮ್ಮ ತೀರ್ಮಾನಗಳಲ್ಲಿ ತೋರಿಸುವರು.

ಹಂತ 1: ತೊಡಗಿಸಿಕೊಳ್ಳುವಿಕೆ

ತರಗತಿಯ ಒಂದು ಮಗು ಬಹಳ ದಿನ ಆಸ್ಪತ್ರೆಯಲ್ಲಿದ್ದು ಶಾಲೆಗೆ ಮರಳಿದೆ ಎಂದು ತರಗತಿ ಶಿಕ್ಷಕರು ಮೊದಲೇ ತಿಳಿಸಿದ್ದರು. ಆದ್ದರಿಂದ "ನಿಮ್ಮಲ್ಲಿ ಯಾರು ಆಸ್ಪತ್ರೆಯಲ್ಲಿದ್ದಿರಿ? ಕೈ ಎತ್ತಿ" ಎಂಬ ಪ್ರಶ್ನೆಯನ್ನು ಯೋಜನೆಯಲ್ಲಿ ಸೇರಿಸಲೇ ಇಲ್ಲ. ಪೂರ್ವಜ್ಞಾನ ಪರೀಕ್ಷೆಯ ಹೆಸರಿನಲ್ಲಿ ಇಂಥ ಪ್ರಶ್ನೆ ಕೇಳುವುದು ನಮ್ಮಲ್ಲಿ ಸಾಮಾನ್ಯ. ಆದರೆ ಎತ್ತಿದ ಒಂದು ಕೈ, ಆ ವರ್ಷವಿಡೀ ಆ ಮಗುವಿನ ಗುರುತಾಗಿಬಿಡಬಹುದು.

ಬದಲಿಗೆ 32 ಮಕ್ಕಳಿಗೂ ಒಂದೊಂದು ಖಾಲಿ ಚೀಟಿ ಕೊಟ್ಟು, "ಮನೆ ಬಿಟ್ಟು ಬೇರೆಡೆ ಮಲಗಿದಾಗ ರಾತ್ರಿ ಏನು ಬೇಕು ಅನಿಸುತ್ತದೆ? ಹೆಸರು ಬರೆಯಬೇಡಿ" ಎಂದೆ. ಬೀಗರ ಮನೆ, ಜಾತ್ರೆ, ಹಾಸ್ಟೆಲ್, ಆಸ್ಪತ್ರೆ ಎಲ್ಲವೂ ಇದರಲ್ಲಿ ಸೇರುತ್ತವೆ. "ಅವ್ವನ ಬಾಜೂಕ ಮಲಗಬೇಕು", "ನಮ್ಮನಿ ತಲಿದಿಂಬು", "ನೀರಿನ ಚೆಂಬು ಕೈಗೆ ಸಿಗಬೇಕು" ಎಂಬ ಉತ್ತರಗಳ ನಡುವೆ ಒಂದು ಚೀಟಿ ಹೀಗಿತ್ತು: "ಅಲ್ಲಿ ರಾತ್ರಿನೂ ಲೈಟ್ ಆರಸಂಗಿಲ್ಲ. ಕಣ್ಣಿಗೆ ಮುಚ್ಚಿಕೊಳ್ಳಾಕ ಏನರ ಬೇಕು."

ಯಾರ ಬರಹ ಎಂದು ನಾನು ಅಕ್ಷರ ಹೋಲಿಸಿ ನೋಡಲಿಲ್ಲ. ಎಲ್ಲ ಚೀಟಿಗಳಂತೆ ಅದನ್ನೂ ಓದಿ, "ಇದಕ್ಕೆ ನಮ್ಮ ಕೌದಿ ಏನು ಮಾಡಬಹುದು?" ಎಂದು ಕೇಳಿದೆ. ಮಕ್ಕಳು ಚರ್ಚಿಸಿ ಎರಡು ತೀರ್ಮಾನ ಕೈಗೊಂಡರು: ಹಿಂಬದಿಯ ಬಟ್ಟೆ ಕಡುಬಣ್ಣದ್ದಾಗಬೇಕು, ಮಗು ತಾನೇ ಎಳೆದುಕೊಳ್ಳುವಷ್ಟು ಕೌದಿ ಹಗುರಾಗಿರಬೇಕು. ಚೀಟಿ ಬರೆದ ಮಗು ತನ್ನ ಅನುಭವವನ್ನು ಹೇಳಿಕೊಳ್ಳದೆಯೇ ನಾಲ್ಕು ಕೌದಿಗಳ ವಿನ್ಯಾಸ ಬದಲಿಸಿತು. ನನ್ನ ಮಟ್ಟಿಗೆ ಈ ಪಾಠದ ಮುಖ್ಯ ಘಟ್ಟ ಇದೇ.

ಹಂತ 2: ಪರಿಶೋಧನೆ

ಅಜ್ಜಿಯರು ತಾವು ಹೊಲಿದ ಕೌದಿ ತಂದು ಹಾಸಿದರು. ಹೊಸ ಬಟ್ಟೆ ಕೊಂಡು ತಂದರೆ ಹೇಗೆ ಎಂದು ಒಬ್ಬ ಹುಡುಗ ಕೇಳಿದಾಗ ಹಿರಿಯ ಅಜ್ಜಿ ಹೇಳಿದರು: "ಹೊಸಾ ಅರಿವಿ ಬ್ಯಾಡಪಾ. ಅದು ಮೈಗೆ ಬಿರುಸು ಹತ್ತತೈತಿ. ಉಟ್ಟು ಉಟ್ಟು, ಒಗದು ಒಗದು ಮೆತ್ತಗಾಗಿರ್ತೈತಲ್ಲ, ಅದ ಬೇಕು."

ಮಕ್ಕಳು ಕೌದಿಯನ್ನು ಮುಟ್ಟಿ, ಅಂಚಿನಲ್ಲಿ ಪದರ ಎಣಿಸಿದರು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಯತೊಡಗಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ ಎಂದು ತಿಳಿಸಿ, ಅಜ್ಜಿಯರ ನೇರ ಸಾಲುಗಳೊಂದಿಗೆ ಹೋಲಿಸಲು ಹೇಳಿದೆ. ಒಂದೇ ವಸ್ತುವಿಗೆ ಎರಡು ಕ್ರಮಗಳಿವೆ ಎಂಬುದು ಮಕ್ಕಳಿಗೆ ಹೊಸ ಸಂಗತಿಯಾಗಿತ್ತು.

ಹಂತ 3: ವಿವರಣೆ

ಪ್ರತಿ ಗುಂಪಿನಲ್ಲಿ 8 ಮಕ್ಕಳು, ಗುಂಪಿಗೆ ಒಂದು ಕೌದಿ. ಹೊಲಿದಾದ ಮೇಲೆ ಅಳತೆ 100 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ ಇರಬೇಕು. ಬದಿಗೆ 20 ಸೆಂ.ಮೀ. ಇರುವ ಚೌಕಗಳಾದರೆ 5 × 4 = 20 ಚೌಕ ಬೇಕು. ಹೊಲಿಗೆಗೆ ನಾಲ್ಕೂ ಕಡೆ 1 ಸೆಂ.ಮೀ. ಬಿಡಬೇಕಾದ್ದರಿಂದ ಕತ್ತರಿಸುವ ಚೌಕ 22 ಸೆಂ.ಮೀ.

ಕತ್ತರಿಸಿದ ಬಟ್ಟೆ: 20 × 484 = 9,680 ಚ.ಸೆಂ.ಮೀ.
ಸಿದ್ಧವಾದ ಕೌದಿ: 100 × 80 = 8,000 ಚ.ಸೆಂ.ಮೀ.
ಹೊಲಿಗೆಯೊಳಗೆ ಹೋದದ್ದು: 1,680 ಚ.ಸೆಂ.ಮೀ., ಅಂದರೆ 21/121, ಸುಮಾರು ಶೇ. 17.

"ಅಷ್ಟು ಬಟ್ಟಿ ವ್ಯರ್ಥ ಆತಲ್ರಿ ಟೀಚರ್" ಎಂದ ಹುಡುಗನಿಗೆ ಅವನ ಗುಂಪಿನ ಹುಡುಗಿಯೇ ಉತ್ತರಿಸಿದಳು: "ವ್ಯರ್ಥ ಅಲ್ಲಲೇ, ಅದ ಹಿಡಕೊಂಡಿರೂದು."

ಮುಂದಿನ ಲೆಕ್ಕ ಹೊಲಿಗೆಯದು. ಉದ್ದಕ್ಕೆ 2 ಸೆಂ.ಮೀ. ಅಂತರದಲ್ಲಿ ಸಾಲು ಹಾಕಿದರೆ 80 ಸೆಂ.ಮೀ. ಅಗಲದೊಳಗೆ 39 ಸಾಲು. ಒಟ್ಟು 39 ಮೀಟರ್ ಹೊಲಿಗೆ. ಅರ್ಧ ಸೆಂ.ಮೀ. ಹೊಲಿಗೆ, ಅರ್ಧ ಸೆಂ.ಮೀ. ಬಿಡುವು ಎಂದರೆ ಸಾಲಿಗೆ 100, ಕೌದಿಗೆ 3,900 ಹೊಲಿಗೆ. ತಲೆಗೆ ಸುಮಾರು 488. ಅಂತರ 40 ಇದ್ದರೂ ಸಾಲು 39 ಏಕೆ ಎಂಬ ಪ್ರಶ್ನೆಗೆ ಮಕ್ಕಳು ಬೆರಳು ಮತ್ತು ಬೆರಳಸಂದುಗಳನ್ನು ಎಣಿಸಿ ಉತ್ತರ ಕಂಡುಕೊಂಡರು.

ವಿಜ್ಞಾನದ ಭಾಗಕ್ಕೆ ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಬಿಸಿನೀರು ತುಂಬಿ, ಒಂದಕ್ಕೆ ಒಂದೇ ಪದರ ಬಟ್ಟೆ, ಇನ್ನೊಂದಕ್ಕೆ ಅದೇ ಬಟ್ಟೆಯ ನಾಲ್ಕು ಸಡಿಲ ಪದರ ಸುತ್ತಿದೆವು. ನಾಲ್ಕು ಪದರದ ಲೋಟ ಹೆಚ್ಚು ಹೊತ್ತು ಬಿಸಿಯಾಗಿತ್ತು. ಪದರಗಳ ನಡುವೆ ಸಿಕ್ಕ ಗಾಳಿ ಶಾಖದ ಅವಾಹಕ ಎಂಬ ವಾಕ್ಯವನ್ನು ಮಕ್ಕಳೇ ಕಟ್ಟಿದರು.

ಹಂತ 4: ವಿಸ್ತರಣೆ

ಹೊಲಿಗೆಗೆ ಆರು ಅವಧಿ ಬೇಕಾಯಿತು. ಹುಡುಗರು ಹಿಂಜರಿಯಬಹುದೆಂಬ ಊಹೆ ಇತ್ತು. ಊರಿನ ದರ್ಜಿಗಳಲ್ಲಿ ಗಂಡಸರೇ ಹೆಚ್ಚು ಎಂದು ಒಬ್ಬ ಹುಡುಗ ನೆನಪಿಸಿದ ಮೇಲೆ ಆ ಮಾತೇ ಏಳಲಿಲ್ಲ.

ಸುರಕ್ಷತೆಯ ವಿಷಯದಲ್ಲಿ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ಶುಶ್ರೂಷಕಿಯೊಬ್ಬರನ್ನು ಮೊದಲೇ ವಿಚಾರಿಸಿದ್ದೆ. ಹತ್ತಿಯ ಬಟ್ಟೆಯೇ ಇರಲಿ. ಗುಂಡಿ, ಮಣಿ, ಜರಿ, ಸಡಿಲ ದಾರ ಬೇಡ. ಕುದಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಒಂದು ವರ್ಷದೊಳಗಿನ ಕೂಸಿಗೆ ಸಡಿಲ ಹೊದಿಕೆ ಮುಖದ ಮೇಲೆ ಜಾರಿದರೆ ಉಸಿರಿಗೆ ಅಪಾಯ, ಆದ್ದರಿಂದ ದೊಡ್ಡ ಮಕ್ಕಳಿಗೆ ಮಾತ್ರ ಕೊಡಿ ಎಂದರು. ಪ್ರತಿ ಅವಧಿಯ ಮೊದಲು ಮತ್ತು ಕೊನೆಗೆ ಸೂಜಿ ಎಣಿಸಿ, ಗುಂಪಿನ ನಾಯಕರು ಸಹಿ ಮಾಡುವ ಪದ್ಧತಿ ಇಟ್ಟೆವು.

ಕುದಿನೀರಲ್ಲಿ ಒಗೆದರೆ ಮನೆಯ ವಾಸನೆ ಉಳಿಯುವುದಿಲ್ಲ. ವಿನ್ನಿಕಾಟ್ ಹೇಳಿದ ಆಸರೆಯ ವಸ್ತುವಿಗೆ ಇದು ವಿರುದ್ಧವಲ್ಲವೇ? ಮಗುವಿನ ಸ್ವಂತ ಕೌದಿಯ ಜಾಗವನ್ನು ನಮ್ಮ ಕೌದಿ ಮೊದಲ ದಿನವೇ ತುಂಬಲಾರದು. ಬಳಸುತ್ತ ಬಳಸುತ್ತ ಅದು ಆ ಮಗುವಿನದಾಗಬೇಕು. ಅದಕ್ಕೇ ಅದು ಮಗುವಿನ ಜೊತೆ ಮನೆಗೆ ಹೋಗುವುದು ಮುಖ್ಯ.

ಕೌದಿಯ ಜೊತೆ ಇಡುವ ಚೀಟಿ ಕನ್ನಡ ಭಾಷಾ ಚಟುವಟಿಕೆಯಾಯಿತು. ಮೊದಲ ಕರಡುಗಳಲ್ಲಿ "ಬೇಗ ಗುಣಮುಖರಾಗಿ" ಎಂಬುದೇ ಹೆಚ್ಚು. ಓದಿ ನೋಡಿ, ಓದುವ ಮಗುವಿನ ಜಾಗದಲ್ಲಿ ನಿಂತು ಪ್ರಶ್ನೆ ಕೇಳಿ ಎಂದೆ. ಸ್ವಲ್ಪ ಹೊತ್ತಿನ ನಂತರ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: "ಬೇಗ ಆರಾಮ ಆಗಲಿಲ್ಲಂದ್ರ ಏನ್ಮಾಡಬೇಕ್ರಿ ಅವರು? ಅವರ ತಪ್ಪು ಅಂತ ಅನಸಂಗಿಲ್ಲೇನ್ರಿ?"

ತರಗತಿ ಮೌನವಾಯಿತು. ಆ ಮೌನವನ್ನು ನಾನು ತುಂಬಲು ಹೋಗಲಿಲ್ಲ. ಒಂದು ಗುಂಪು "ದೇವರು ಒಳ್ಳೆಯದು ಮಾಡಲಿ" ಎಂದು ತಿದ್ದಿತು. ಇನ್ನೊಂದು ಗುಂಪು ಏನೂ ಬರೆಯದಿರೋಣ ಎಂದಿತು. ಅರ್ಧ ಗಂಟೆಯ ಚರ್ಚೆಯ ಬಳಿಕ ನಾಲ್ಕೂ ಗುಂಪುಗಳು ಒಪ್ಪಿದ ಬರಹ ಇದು: "ಇದು ನಿಂದು. ಮನಿಗೆ ತಗೊಂಡು ಹೋಗು." ಪುಸ್ತಕದ ಕನ್ನಡದಲ್ಲಿ ಬರೆಯಬೇಕೇ ಎಂಬ ಪ್ರಶ್ನೆಗೂ ಮಕ್ಕಳೇ ಉತ್ತರ ಕೊಟ್ಟರು: ಮನೆಯ ಮಾತಿನಲ್ಲಿದ್ದರೆ ಮನೆಯವರು ಹೇಳಿದಂತೆ ಇರುತ್ತದೆ.

"ಯಾರಿಗೆ ಕೊಡತೀವ್ರಿ? ಫೋಟೋ ತೆಗಿಯೂಣೇನ್ರಿ?" ಎಂಬ ಪ್ರಶ್ನೆಯೂ ಬಂತು. ನೀವು ಜ್ವರದಲ್ಲಿ ಮಲಗಿದ್ದಾಗ ಅಪರಿಚಿತರು ಬಂದು ಫೋಟೋ ತೆಗೆದರೆ ಹೇಗಿರುತ್ತದೆ ಎಂದು ಮರುಪ್ರಶ್ನೆ ಕೇಳಿದೆ. ಕೌದಿಗಳನ್ನು ಶುಶ್ರೂಷಕಿಯವರ ಕೈಗೆ ಒಪ್ಪಿಸುವುದು, ಪಡೆದವರ ಹೆಸರು ಕೇಳದಿರುವುದು, ಫೋಟೋ ತೆಗೆಯದಿರುವುದು ಎಂದು ತರಗತಿ ನಿರ್ಧರಿಸಿತು.

ಹಂತ 5: ಮೌಲ್ಯಮಾಪನ

ಗಣಿತಕ್ಕೆ, 15 ಸೆಂ.ಮೀ. ಚೌಕಗಳ 90 × 60 ಸೆಂ.ಮೀ. ಕೌದಿಯ ಲೆಕ್ಕವನ್ನು ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಕೊಟ್ಟೆ. ಚೌಕ ಚಿಕ್ಕದಾದಷ್ಟೂ ಹೊಲಿಗೆಯೊಳಗೆ ಹೋಗುವ ಬಟ್ಟೆಯ ಪ್ರಮಾಣ ಹೆಚ್ಚುತ್ತದೆ ಎಂಬುದನ್ನು ಮಕ್ಕಳು ಲೆಕ್ಕದಿಂದ ಕಂಡುಕೊಳ್ಳಬೇಕಿತ್ತು. ಭಾಷೆಗೆ, ಚೀಟಿಯ ಮೊದಲ ಮತ್ತು ಕೊನೆಯ ಕರಡನ್ನು ಪಕ್ಕಪಕ್ಕ ಇಟ್ಟು, ಬದಲಾವಣೆಗೆ ಮಗು ಕೊಟ್ಟ ಕಾರಣವನ್ನು ನೋಡಿದೆ. ನಾಲ್ಕನೇ ಕಲಿಕಾ ಫಲಕ್ಕೆ ಅಂಕ ಕೊಡಲಿಲ್ಲ. ಕಾಳಜಿಗೆ ಅಂಕವಿದೆ ಎಂದು ಗೊತ್ತಾದ ಕ್ಷಣ ಮಕ್ಕಳು ಅದನ್ನು ಅಭಿನಯಿಸತೊಡಗುತ್ತಾರೆ. ಅವಲೋಕನ ಟಿಪ್ಪಣಿಯಲ್ಲಿ ಅವರ ತೀರ್ಮಾನಗಳನ್ನಷ್ಟೇ ದಾಖಲಿಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

• ಬಟ್ಟೆಯನ್ನು ಮಕ್ಕಳಿಂದಲೇ ತರಿಸಬೇಕೆಂದಿಲ್ಲ. ತರಲಾಗದ ಮನೆಗಳೂ ಇರುತ್ತವೆ. 110 ಸೆಂ.ಮೀ. ಅಗಲದ ಸೀರೆಯ 88 ಸೆಂ.ಮೀ. ಉದ್ದದಲ್ಲಿ 22 ಸೆಂ.ಮೀ.ನ 20 ಚೌಕಗಳೂ ಸಿಗುತ್ತವೆ. ಕೆಲವೇ ಹಳೆಯ ಸೀರೆಗಳನ್ನು ಹಂಚಿ ಕತ್ತರಿಸಿದರೆ ಇಡೀ ತರಗತಿಗೆ ಸಾಕು.
• ಅಜ್ಜಿಯರನ್ನು ಕರೆದಾಗ ಕುರ್ಚಿ, ನೀರು, ಮಾತಾಡಲು ಪೂರ್ತಿ ಒಂದು ಅವಧಿ ಕೊಡಿ. ಅಂದು ಶಿಕ್ಷಕರು ಅವರೇ.
• ಆಸ್ಪತ್ರೆಯವರನ್ನು ಕೇಳದೆ ಹೊಲಿಗೆ ಆರಂಭಿಸಬೇಡಿ. ಅವರಿಗೆ ಬೇಡವಾದರೆ ಅಂಗನವಾಡಿಯ ಮಕ್ಕಳ ನಡುಹಗಲ ನಿದ್ದೆಗೂ ಕೌದಿ ಬೇಕಾಗುತ್ತದೆ.
• ಸಂಕಟದ ಅನುಭವವಿರುವ ಮಗು ತರಗತಿಯಲ್ಲಿ ಇದ್ದೇ ಇದೆ ಎಂದುಕೊಂಡು ಪಾಠ ಯೋಜಿಸಿ. ಆ ಮಗುವಿಗೆ ಹೇಳುವ ದಾರಿಯೂ ಇರಲಿ, ಹೇಳದೆ ಇರುವ ದಾರಿಯೂ ಇರಲಿ.

ನಾಲ್ಕು ಕೌದಿಗಳೂ ಈಗ ಶಾಲೆಯಲ್ಲಿಲ್ಲ. ಯಾರ ಬಳಿ ಇವೆ ಎಂದು ನನಗಾಗಲೀ ಮಕ್ಕಳಿಗಾಗಲೀ ಗೊತ್ತಿಲ್ಲ. ಪಾಠ ಯೋಜನೆಯ ಕೊನೆಯ ಕಾಲಂನಲ್ಲಿ 'ಉಪಕರಣಗಳ ಮರುಸಂಗ್ರಹ' ಎಂಬುದರ ಎದುರು ಸೂಜಿ 32, ಕತ್ತರಿ 4 ಎಂದಷ್ಟೇ ಬರೆದಿದ್ದೇನೆ.