ಅನುಮಾನ ಬಂದರೆ ಹಿರಿಯರನ್ನು ಕರೆಯಿರಿ

ಚಿತ್ರದುರ್ಗದಲ್ಲಿ ವೈದ್ಯಕೀಯ ಕಲಿಯುತ್ತಿರುವ ಮಕ್ಕಳೇ,

1965ರಲ್ಲಿ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಾಗ ಆ ಊರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಈಗ ದುರ್ಗದಲ್ಲೇ ಬಸವೇಶ್ವರ ಕಾಲೇಜಿದೆ, 2023ರಿಂದ ಸರ್ಕಾರಿ ಕಾಲೇಜೂ ನಡೆಯುತ್ತಿದೆ. ಕಟ್ಟಡ, ಯಂತ್ರಗಳನ್ನು ದುಡ್ಡು ಕೊಟ್ಟು ತರಬಹುದು. ಸರ್ಜರಿ ಮಾತ್ರ ಕೈಯಿಂದ ಕೈಗೆ ದಾಟುವ ವಿದ್ಯೆ. ಅದನ್ನು ದಾಟಿಸುವವರು ಟೇಬಲ್ಲಿನ ಆಚೆ ಬದಿಯಲ್ಲಿ ನಿಲ್ಲುವ ಹಿರಿಯರು.

ಹೊಸದುರ್ಗದ ಕಡೆಯ ರೈತರೊಬ್ಬರು ಸಿಕ್ಕಿಹಾಕಿಕೊಂಡ ಹರ್ನಿಯಾದ ನೋವನ್ನು ಒಂದು ದಿನ ತಡೆದುಕೊಂಡು ರಾತ್ರಿ ಬಂದರು ಅಂದುಕೊಳ್ಳಿ. ತೆರೆದು ನೋಡಿದರೆ ಕರುಳು ಕಪ್ಪಿಟ್ಟಿದೆ. ಹೊಸಬರಿಗೆ ಕೂಡಲೇ ಕತ್ತರಿಸಿಬಿಡುವ ಆತುರ. ಹಿರಿಯರು ಹಾಗೆ ಮಾಡುವುದಿಲ್ಲ. ಬಿಗಿತ ಬಿಡಿಸಿ, ಬೆಚ್ಚನೆಯ ಸಲೈನಿನಲ್ಲಿ ಅದ್ದಿದ ಮಾಪ್ ಸುತ್ತಿ, ಆಕ್ಸಿಜನ್ ಹೆಚ್ಚಿಸಿ ಎಂದು ಅನಸ್ತೇಸಿಯಾದವರಿಗೆ ಹೇಳಿ, ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಹತ್ತು ನಿಮಿಷದ ನಂತರ ಮಾಪ್ ಬಿಚ್ಚಿ, ಬಣ್ಣ ತಿರುಗಿದೆಯೇ, ಹೊಳಪು ಬಂದಿದೆಯೇ, ಬುಡದ ರಕ್ತನಾಳ ಮಿಡಿಯುತ್ತಿದೆಯೇ, ಕರುಳು ಅಲುಗುತ್ತಿದೆಯೇ ನೋಡುತ್ತಾರೆ. ಜೀವ ಬಂದಿದ್ದರೆ ಒಳಗೆ ಸೇರಿಸುತ್ತಾರೆ, ಇಲ್ಲದಿದ್ದರೆ ಕತ್ತರಿಸುತ್ತಾರೆ. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಆ ಕರುಳನ್ನು ಉಳಿಸಬೇಕೋ ತೆಗೆಯಬೇಕೋ ಎಂಬ ತೀರ್ಮಾನ ಮಾತ್ರ ಪಕ್ಕದಲ್ಲಿ ನಿಂತು ನೋಡಿದವರಿಗಷ್ಟೇ ದಕ್ಕುತ್ತದೆ. ಅಂಥ ಹೊತ್ತಿನಲ್ಲಿ ರಿಟ್ರಾಕ್ಟರ್ ಹಿಡಿದು ಸುಮ್ಮನೆ ನಿಲ್ಲಬೇಡಿ. ‘ಸರ್, ಏನು ನೋಡ್ತಿದ್ದೀರಿ?’, ‘ಮೇಡಂ, ಯಾಕೆ ಕಾಯ್ತಿದ್ದೀರಿ?’ ಎಂದು ಕೇಳಿ. ಹೇಳಿಕೊಡುವುದು ಅವರ ಕೆಲಸ.

ನಾಳೆ ನಿಮ್ಮಲ್ಲಿ ಯಾರಾದರೂ ಹಿರಿಯೂರು, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೀರಿ. ಹಿರಿಯೂರಿನ ಮೇಲೆಯೇ 48ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ, ಅಪಘಾತ ಹೊತ್ತು ಗೊತ್ತು ನೋಡುವುದಿಲ್ಲ. ಅಲ್ಲೇ ಹೊಟ್ಟೆ ತೆರೆಯಬೇಕೋ, ರಕ್ತ ನಿಲ್ಲಿಸಿ, ಎದೆಗೆ ಟ್ಯೂಬ್ ಹಾಕಿ, ನಲವತ್ತು ಕಿಲೋಮೀಟರ್ ದೂರದ ದುರ್ಗಕ್ಕೆ ಕಳಿಸಬೇಕೋ ಎಂದು ನಿಮಿಷಗಳಲ್ಲಿ ನಿರ್ಧರಿಸಬೇಕು. ಆಗ ಎದುರು ಬದಿಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಕತ್ತಿ ಹಿಡಿಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ, ಕತ್ತಿ ಯಾವಾಗ ಹಿಡಿಯಬಾರದು ಎಂಬುದನ್ನೂ ಹಿರಿಯರಿಂದ ಕಲಿಯಿರಿ.

ಕೂಗಾಡುವ ಹಿರಿಯರೂ ಸಿಗುತ್ತಾರೆ. ಅವರ ಕೈಚಳಕ ಕಲಿಯಿರಿ, ಬೈಗುಳ ಕಲಿಯಬೇಡಿ. ಹೆದರಿದ ಕಿರಿಯರು ಬಾಯಿ ಬಿಡುವುದಿಲ್ಲ, ಅದರ ನಷ್ಟ ರೋಗಿಗೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಸುರಕ್ಷಾ ಪಟ್ಟಿಯಲ್ಲಿ, ಚರ್ಮ ಕೊಯ್ಯುವ ಮೊದಲು ತಂಡದ ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳಬೇಕೆಂದಿದೆ. ಒಮ್ಮೆ ಬಾಯಿ ಬಿಟ್ಟವರಿಗೆ ತಪ್ಪು ಕಂಡಾಗ ಹೇಳುವ ಧೈರ್ಯವೂ ಬರುತ್ತದೆ. ನೀವು ಹಿರಿಯರಾದ ದಿನ ಇದನ್ನು ನೆನಪಿಡಿ. ಕಿರಿಯರಿಗೆ ಕತ್ತಿ ಕೊಡಿ. ಕೊಟ್ಟು ಕ್ಯಾಂಟೀನಿಗೆ ಹೋಗಬೇಡಿ, ಅಲ್ಲೇ ನಿಲ್ಲಿ.

ಅಲ್ಲಿಯವರೆಗೆ, ರಾತ್ರಿ ಎರಡು ಗಂಟೆಗೆ ಅನುಮಾನ ಬಂದರೂ ಹಿರಿಯರಿಗೆ ಫೋನ್ ಮಾಡಿ. ನಿದ್ದೆ ಕೆಡಿಸಿದೆನೆಂಬ ಸಂಕೋಚ ಬೇಡ. ಅವರು ಬರಬೇಕು, ನೀವು ಕರೆಯಬೇಕು.