ಶಕ್ತಿ, ಸಾಮರ್ಥ್ಯ, ವಿದ್ಯುತ್ತು: ಹಾಲು ಉತ್ಪಾದಕರಿಗೊಂದು ಪಾಠ



ನಸುಕಿನಲ್ಲಿ ಕೊಟ್ಟಿಗೆಯ ದೀಪ ಹಚ್ಚುವುದರಿಂದ ಹಿಡಿದು ಬೆಳಗಾವಿಯ ಮಹಾಂತೇಶ ನಗರದ ಡೇರಿಯಲ್ಲಿ ಹಾಲು ಪ್ಯಾಕೆಟ್ ಸೇರುವವರೆಗೆ ಪ್ರತಿ ಹಂತದಲ್ಲೂ ವಿದ್ಯುತ್ತು ಬೇಕು. ಬಲ್ಬಿನ ಮೇಲೆ ವ್ಯಾಟ್ ಎಂದು ಬರೆದಿರುತ್ತದೆ, ಮೋಟಾರಿನ ಮೇಲೆ ಎಚ್.ಪಿ. ಎಂದಿರುತ್ತದೆ, ಬಿಲ್ಲಿನಲ್ಲಿ ಯೂನಿಟ್ ಎಂದಿರುತ್ತದೆ. ಮೋಟಾರು ಸುಟ್ಟಾಗ ಮೆಕ್ಯಾನಿಕ್ ಬಂದು "ವೋಲ್ಟೇಜ್ ಕಡಿಮೆ ಇತ್ತು" ಎನ್ನುತ್ತಾನೆ. ಈ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ತಿಳಿಯದಿದ್ದರೆ ಬಿಲ್ಲಿನಲ್ಲಿ ಹಣ ಹೋಗುತ್ತದೆ, ಮೋಟಾರು ಸುಡುತ್ತದೆ, ಹಾಲು ಕೆಡುತ್ತದೆ. ಕೆಲವೊಮ್ಮೆ ಕಟ್ಟಿದ ದನವೇ ಹೋಗುತ್ತದೆ.

ಪ್ರೌಢಶಾಲೆಗೆ ಹೋಗುವ ನಿಮ್ಮ ಮಕ್ಕಳು ಇದೇ ಪಾಠವನ್ನು ಪುಸ್ತಕದಲ್ಲಿ ಓದುತ್ತಿದ್ದಾರೆ. ಅದನ್ನೇ ನಮ್ಮ ಕೊಟ್ಟಿಗೆ ಮತ್ತು ಸಂಘದ ಲೆಕ್ಕದಲ್ಲಿ ಇಲ್ಲಿ ನೋಡೋಣ. ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಓದಿರಿ.

ಶಕ್ತಿ ಎಂದರೇನು?

ಕೆಲಸ ಮಾಡುವ ಕಸುವಿಗೆ ಶಕ್ತಿ ಎನ್ನುತ್ತಾರೆ. ಅದನ್ನು ಅಳೆಯುವ ಮಾನಕ್ಕೆ ಜೂಲ್ ಎಂದು ಹೆಸರು. ಹಾಲು ತುಂಬಿದ ಕ್ಯಾನಿನ ತೂಕ 50 ಕಿಲೋ ಇದೆ ಎನ್ನಿ. ಅದನ್ನು ನೆಲದಿಂದ ಒಂದು ಮೀಟರ್ ಎತ್ತರದ ಟೆಂಪೋಕ್ಕೆ ಎತ್ತಿಡಲು ಸುಮಾರು 490 ಜೂಲ್ ಶಕ್ತಿ ಬೇಕು. ಆ ಶಕ್ತಿ ನೀವು ಉಂಡ ರೊಟ್ಟಿಯಿಂದ ಬಂತು. ಆಕಳು ಹಾಲು ಮಾಡಲು ಬೇಕಾದ ಶಕ್ತಿ ಮೇವು, ಹಿಂಡಿಯಿಂದ ಬರುತ್ತದೆ. ಮೇವಿಗೆ ಅದು ಸೂರ್ಯನ ಬಿಸಿಲಿನಿಂದ ಬಂದಿದೆ. ಶಕ್ತಿಯನ್ನು ಯಾರೂ ಹೊಸದಾಗಿ ಹುಟ್ಟಿಸಲಾರರು, ನಾಶ ಮಾಡಲೂ ಆಗದು. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸಬಹುದು, ಅಷ್ಟೇ.

ನಮ್ಮ ಜಿಲ್ಲೆಯ ಗೋಕಾಕ ಜಲಪಾತ ಇದಕ್ಕೆ ಒಳ್ಳೆಯ ಉದಾಹರಣೆ. ಘಟಪ್ರಭೆಯ ನೀರು ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಆ ನೀರಿನ ಬಲವನ್ನು 1887ರಷ್ಟು ಹಿಂದೆಯೇ ಅಲ್ಲಿನ ಹತ್ತಿ ಗಿರಣಿಗೆ ಬಳಸಿಕೊಂಡರು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೂಲಕ ಕಳಿಸಿದರು. ಬೀಳುವ ನೀರಿನಲ್ಲಿದ್ದ ಶಕ್ತಿಯೇ ವಿದ್ಯುತ್ತಾಗಿ ತಂತಿಯಲ್ಲಿ ಹರಿಯಿತು.

ಸಾಮರ್ಥ್ಯ ಬೇರೆ, ಶಕ್ತಿ ಬೇರೆ

ಇಬ್ಬರು ತಾಯಂದಿರು ತಲಾ 8 ಲೀಟರ್ ಹಾಲು ಹಿಂಡಿದರು. ಒಬ್ಬರಿಗೆ 8 ನಿಮಿಷ ಹಿಡಿಯಿತು, ಇನ್ನೊಬ್ಬರಿಗೆ 16 ನಿಮಿಷ. ಸಂಘದಲ್ಲಿ ಇಬ್ಬರ ಹೆಸರಿಗೂ 8 ಲೀಟರೇ ಬರೆಯುತ್ತಾರೆ. ಆದರೆ ಹಿಂಡಿದ ವೇಗ ಬೇರೆ ಬೇರೆ. ಇಲ್ಲಿ 8 ಲೀಟರ್ ಎಂಬುದು ಶಕ್ತಿಯ ಹಾಗೆ, ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಾಮರ್ಥ್ಯದ ಹಾಗೆ. ಎಷ್ಟು ವೇಗದಲ್ಲಿ ಶಕ್ತಿ ಬಳಕೆಯಾಗುತ್ತದೆ ಎಂಬುದನ್ನು ಸಾಮರ್ಥ್ಯ ಹೇಳುತ್ತದೆ.

ಸಾಮರ್ಥ್ಯದ ಮಾನ ವ್ಯಾಟ್. ಸೆಕೆಂಡಿಗೆ ಒಂದು ಜೂಲ್ ಬಳಕೆಯಾದರೆ ಅದು ಒಂದು ವ್ಯಾಟ್. ಸಾವಿರ ವ್ಯಾಟ್ ಸೇರಿದರೆ ಒಂದು ಕಿಲೋವ್ಯಾಟ್. ಮೋಟಾರಿನ ಮೇಲಿರುವ ಎಚ್.ಪಿ. ಎಂದರೆ ಅಶ್ವಶಕ್ತಿ, ಒಂದು ಎಚ್.ಪಿ. ಎಂದರೆ 746 ವ್ಯಾಟ್. ಹೆಸರಿನಲ್ಲಿ ಶಕ್ತಿ ಎಂದಿದ್ದರೂ ಇದು ಸಾಮರ್ಥ್ಯದ ಅಳತೆ ಎಂಬುದನ್ನು ಮಕ್ಕಳು ನೆನಪಿಡಬೇಕು.

ಯೂನಿಟ್ ಲೆಕ್ಕ

ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರ ಒಂದು ತಾಸು ನಡೆದಾಗ ಬಳಸುವ ಶಕ್ತಿ. ಇದು 36 ಲಕ್ಷ ಜೂಲ್‌ಗೆ ಸಮ. ಲೆಕ್ಕ ಸುಲಭ: ಕಿಲೋವ್ಯಾಟ್‌ನ್ನು ತಾಸಿನಿಂದ ಗುಣಿಸಿದರೆ ಯೂನಿಟ್ ಬರುತ್ತದೆ. ಕೆಲವು ಉದಾಹರಣೆ ನೋಡಿ:

1. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 10 ತಾಸು ಉರಿದರೆ ತಿಂಗಳಿಗೆ 18 ಯೂನಿಟ್.
2. 9 ವ್ಯಾಟಿನ ಎಲ್.ಇ.ಡಿ. ಬಲ್ಬು ಅಷ್ಟೇ ಹೊತ್ತು ಉರಿದರೆ ತಿಂಗಳಿಗೆ ಮೂರು ಯೂನಿಟ್ಟಿಗಿಂತ ಕಡಿಮೆ.
3. 75 ವ್ಯಾಟಿನ ಫ್ಯಾನು ಕೊಟ್ಟಿಗೆಯಲ್ಲಿ ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ ಸುಮಾರು 22 ಯೂನಿಟ್.
4. 2 ಎಚ್.ಪಿ.ಯ ಮೇವು ಕತ್ತರಿಸುವ ಯಂತ್ರ ಪೂರ್ಣ ಭಾರದಲ್ಲಿ ದಿನಕ್ಕೆ ಅರ್ಧ ತಾಸು ನಡೆದರೆ ತಿಂಗಳಿಗೆ 30 ಯೂನಿಟ್ಟಿನ ಒಳಗೆ.

ಕೊನೆಯ ಎರಡು ಸಾಲುಗಳನ್ನು ಹೋಲಿಸಿರಿ. ಗದ್ದಲ ಮಾಡುವ ದೊಡ್ಡ ಯಂತ್ರಕ್ಕೂ ಸದ್ದಿಲ್ಲದೆ ತಿರುಗುವ ಫ್ಯಾನಿಗೂ ಬಿಲ್ಲಿನಲ್ಲಿ ಅಂತರ ಅಲ್ಪ. ಯಂತ್ರ ಎಷ್ಟು ದೊಡ್ಡದು ಎಂಬುದೊಂದೇ ಬಿಲ್ಲನ್ನು ನಿರ್ಧರಿಸುವುದಿಲ್ಲ. ಎಷ್ಟು ಹೊತ್ತು ನಡೆಯಿತು ಎಂಬುದೂ ಅಷ್ಟೇ ಮುಖ್ಯ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಇಟ್ಟ 200ರ ಮಿತಿ ಕೂಡ ಯೂನಿಟ್ಟಿನದೇ, ಕಿಲೋವ್ಯಾಟಿನದಲ್ಲ. ಆದ್ದರಿಂದ ತಿಂಗಳ ನಡುವೆ ಒಮ್ಮೆ ಮೀಟರ್ ಓದಿಕೊಳ್ಳುವ ರೂಢಿ ಒಳ್ಳೆಯದು.

ಸಾವಿರ ಲೀಟರಿನ ಲೆಕ್ಕ

ಎತ್ತುವ ಕೆಲಸಕ್ಕೆ ಬೇಕಾದ ಶಕ್ತಿ ಕಡಿಮೆ, ಕಾಯಿಸುವ ಮತ್ತು ತಣಿಸುವ ಕೆಲಸಕ್ಕೆ ಬೇಕಾದ ಶಕ್ತಿ ಬಹಳ. ಇದನ್ನು ಅನೇಕರು ಗಮನಿಸಿರುವುದಿಲ್ಲ.

ಸಾವಿರ ಲೀಟರ್ ನೀರನ್ನು 30 ಮೀಟರ್ ಆಳದ ಬಾವಿಯಿಂದ ಮೇಲೆತ್ತಲು, ಪಂಪಿನ ನಷ್ಟವನ್ನೂ ಸೇರಿಸಿದರೆ, ಸುಮಾರು ಕಾಲು ಯೂನಿಟ್ ಸಾಕು. ಈಗ ಸಂಘದ ಶೀತಲೀಕರಣ ಘಟಕಕ್ಕೆ, ಅಂದರೆ ಬಿ.ಎಂ.ಸಿ.ಗೆ ಬನ್ನಿ. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಬೇಕಾದರೆ ಅದರಿಂದ ಸುಮಾರು 35 ಯೂನಿಟ್ಟಿನಷ್ಟು ಶಾಖವನ್ನು ಹೊರಹಾಕಬೇಕು. ಕಂಪ್ರೆಸರ್ ಆ ಶಾಖವನ್ನು ಹಾಲಿನಿಂದ ಎತ್ತಿ ಹೊರಗಿನ ಗಾಳಿಗೆ ಬಿಡುತ್ತದೆ. ಶಾಖವನ್ನು ಸಾಗಿಸುವುದಷ್ಟೇ ಅದರ ಕೆಲಸವಾದ್ದರಿಂದ 12ರಿಂದ 17 ಯೂನಿಟ್ ವಿದ್ಯುತ್ತಿನಲ್ಲಿ ಮುಗಿಯುತ್ತದೆ. ಇಷ್ಟು ವಿದ್ಯುತ್ ತಯಾರಿಸಲು ಗೋಕಾಕ ಜಲಪಾತದಷ್ಟು ಎತ್ತರದಿಂದ ಸುಮಾರು ಒಂದು ಲಕ್ಷ ಲೀಟರ್ ಅಥವಾ ಅದಕ್ಕೂ ಹೆಚ್ಚು ನೀರು ಬೀಳಬೇಕು. ಸಾವಿರ ಲೀಟರ್ ಹಾಲು ತಣಿಸುವುದರ ಹಿಂದೆ ಇಷ್ಟು ಶಕ್ತಿ ಇದೆ.

ಕಂಡೆನ್ಸರಿನ ಮೇಲೆ ಧೂಳು ಕುಳಿತರೆ ಅಥವಾ ಅದನ್ನು ಗಾಳಿಯಾಡದ ಕೋಣೆಯಲ್ಲಿ ಇಟ್ಟರೆ ಶಾಖ ಹೊರಗೆ ಹೋಗದು, ಯೂನಿಟ್ ಏರುತ್ತದೆ. ಸಂಘದ ಬಿಲ್ಲು ಏರಿದರೆ ಸಂಘದ ಲಾಭ ಇಳಿಯುತ್ತದೆ; ವರ್ಷದ ಕೊನೆಗೆ ಬೋನಸ್ಸಿನಲ್ಲಿ ಕಡಿಮೆಯಾಗುವುದು ನಿಮ್ಮದೇ ಹಣ.

ನೀರು ಕಾಯಿಸುವುದಕ್ಕೂ ಇದೇ ಮಾತು. ಪಾತ್ರೆ ತೊಳೆಯಲು 20 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ದಿನಕ್ಕೊಮ್ಮೆ ಎಂದರೂ ತಿಂಗಳಿಗೆ 30 ಯೂನಿಟ್. ಇದನ್ನು ಗೋಬರ್ ಗ್ಯಾಸಿನಿಂದ ಮಾಡಬಹುದು. ಸುಮಾರು 25 ಕಿಲೋ ಸಗಣಿಯಿಂದ ಒಂದು ಘನ ಮೀಟರ್ ಅನಿಲ ಸಿಗುತ್ತದೆ, ಅದರಲ್ಲಿ 6 ಯೂನಿಟ್ಟಿನಷ್ಟು ಶಾಖ ಇರುತ್ತದೆ. ಒಲೆಯಲ್ಲಿ ಅರ್ಧ ಪೋಲಾದರೂ ಇಂಥ ಮೂರು ಕೊಡ ನೀರು ಕಾಯುತ್ತದೆ. ಸಗಣಿ ಗೊಬ್ಬರವಾಗಿಯೂ ಉಳಿಯುತ್ತದೆ.

ವೋಲ್ಟ್, ಆಂಪೇರ್, ರೋಧ

ಮೇಲಿನ ಟಾಕಿಯಿಂದ ಪೈಪಿನಲ್ಲಿ ನೀರು ಬರುವುದನ್ನು ನೆನೆಯಿರಿ. ಟಾಕಿಯ ಎತ್ತರದಿಂದ ಬರುವ ಒತ್ತಡದ ಹಾಗೆ ವೋಲ್ಟೇಜ್. ಪುಸ್ತಕದಲ್ಲಿ ಇದನ್ನು ವಿಭವಾಂತರ ಎನ್ನುತ್ತಾರೆ. ಹರಿಯುವ ನೀರಿನ ಹಾಗೆ ವಿದ್ಯುತ್ ಪ್ರವಾಹ, ಇದರ ಮಾನ ಆಂಪೇರ್. ಪೈಪು ಸಣ್ಣದಿದ್ದಷ್ಟೂ ನೀರಿಗೆ ತಡೆ ಹೆಚ್ಚು. ತಂತಿಯಲ್ಲಿ ಈ ತಡೆಗೆ ರೋಧ ಎಂದು ಹೆಸರು, ಇದರ ಮಾನ ಓಮ್. ಮನೆಗೆ ಬರುವ ವೋಲ್ಟೇಜ್ 230.

ಇದರಿಂದ ಎರಡು ಪಾಠ ಕಲಿಯಬೇಕು.

ಒಂದನೆಯದು, ವೋಲ್ಟೇಜ್ ಇಳಿದಾಗ ಮೋಟಾರು ಸುಡುವುದೇಕೆ? ವೋಲ್ಟೇಜ್ 230ರಿಂದ 180ಕ್ಕೆ ಇಳಿದರೂ ಮೋಟಾರಿನ ಮೇಲಿನ ಭಾರ ಇಳಿಯುವುದಿಲ್ಲ. ಅದೇ ಕೆಲಸ ಮಾಡಲು ಅದು ಹೆಚ್ಚು ಆಂಪೇರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣ, ಅಂದರೆ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 180 ವೋಲ್ಟಿನಲ್ಲಿ ಸುರುಳಿಯ ಬಿಸಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಆದ್ದರಿಂದ ವೋಲ್ಟೇಜ್ ಇಳಿದಾಗ ಮೇವಿನ ಯಂತ್ರ ಚಾಲೂ ಮಾಡಬೇಡಿ.

ಎರಡನೆಯದು, ತಂತಿಯ ದಪ್ಪ. ಮನೆಯಿಂದ ಕೊಟ್ಟಿಗೆ 50 ಮೀಟರ್ ದೂರ ಇದ್ದರೆ ಹೋಗಿ ಬರುವ ತಂತಿ 100 ಮೀಟರ್ ಆಗುತ್ತದೆ. ಒಂದೂವರೆ ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 10 ಆಂಪೇರ್ ಹರಿದರೆ ದಾರಿಯಲ್ಲೇ ಸುಮಾರು 11 ವೋಲ್ಟ್ ಹೋಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಸುಮಾರು 4 ವೋಲ್ಟ್ ಮಾತ್ರ. ತೆಳು ತಂತಿಯಲ್ಲಿ ಉಳಿಸಿದ ಹಣ ಮೋಟಾರು ಕಟ್ಟಿಸಲು ಖರ್ಚಾಗುತ್ತದೆ.

ಕರೆಂಟು ಹೋದಾಗ ಹಾಲು

ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಭಾಗದ ಮಳೆ ಎಲ್ಲರಿಗೂ ಗೊತ್ತು. ಕಾಡಿನ ನಡುವೆ ಹಾಯ್ದ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರಲು ಹೊತ್ತು ಹಿಡಿಯುತ್ತದೆ. ಆದರೆ ಹಾಲು ಕಾಯುವುದಿಲ್ಲ. ಬೆಚ್ಚಗಿನ ಹಾಲಿನಲ್ಲಿ ಕ್ರಿಮಿಗಳು ಅರ್ಧ ತಾಸಿಗೆ ಇಮ್ಮಡಿಯಾಗಬಲ್ಲವು. ಆ ಲೆಕ್ಕದಲ್ಲಿ ಮೂರು ತಾಸಿಗೆ ಒಂದು 64 ಆಗುತ್ತದೆ. ಹೀಗೆ ಮಾಡಿರಿ:

1. ಹಿಂಡಿದ ಕೂಡಲೇ ಹಾಲನ್ನು ಸಂಘಕ್ಕೆ ತನ್ನಿ. ಕಾಯಬೇಕಾದರೆ ಕ್ಯಾನನ್ನು ನೆರಳಿನಲ್ಲಿ, ಬಾವಿಯ ತಣ್ಣೀರಿನ ತೊಟ್ಟಿಯಲ್ಲಿ ಇಡಿ. ಹಾಲು 35ರಿಂದ 25 ಡಿಗ್ರಿಗೆ ಇಳಿದರೂ ತಣಿಸುವ ಕೆಲಸದ ಮೂರನೆಯ ಒಂದು ಭಾಗ ಮುಗಿದಂತೆ.
2. ಆಗಲೇ ತಣಿದ ಹಾಲು ಬಿ.ಎಂ.ಸಿ.ಯಲ್ಲಿದ್ದರೆ ಮುಚ್ಚಳ ತೆರೆಯಬೇಡಿ. ತೊಟ್ಟಿಯ ಗೋಡೆ ಶಾಖವನ್ನು ತಡೆಯುತ್ತದೆ. ಹಾಲು ಹಲವು ತಾಸು ತಣ್ಣಗೇ ಇರುತ್ತದೆ.
3. ಬೆಚ್ಚಗಿನ ಹೊಸ ಹಾಲು ಬಂದಿದ್ದರೆ ಜನರೇಟರ್ ತಡ ಮಾಡಬೇಡಿ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದ್ದರೂ ವಿದ್ಯುತ್ತಾಗಿ ಸಿಗುವುದು ಸುಮಾರು 3 ಯೂನಿಟ್, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಡೀಸೆಲ್ ಕರೆಂಟು ತುಟ್ಟಿ. ಆದರೂ ಇಡೀ ಊರಿನ ಹಾಲು ಕೆಡುವುದಕ್ಕಿಂತ ಅಗ್ಗ.

ಜೀವದ ಮಾತು

ಮೈಯೊಳಗೆ ಹರಿಯುವ ಪ್ರವಾಹ ಒಂದು ಆಂಪೇರಿನ ಸಾವಿರದ 30 ಭಾಗ ಮೀರಿದರೆ ಜೀವಕ್ಕೆ ಅಪಾಯ. ದನಗಳಿಗೆ ಅಪಾಯ ನಮಗಿಂತ ಹೆಚ್ಚು. ಅವುಗಳ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ದೊಡ್ಡದು, ನಿಲ್ಲುವುದು ಬರಿಗಾಲಿನಲ್ಲಿ, ಗಂಜಲ ನೆನೆದ ನೆಲದ ಮೇಲೆ. ತಂತಿ ಬಿದ್ದ ನೆಲದಲ್ಲಿ ಪ್ರವಾಹ ಒಂದು ಕಾಲಿನಿಂದ ಹತ್ತಿ, ಎದೆಯನ್ನು ಹಾಯ್ದು ಇನ್ನೊಂದು ಕಾಲಿನಿಂದ ಇಳಿಯುತ್ತದೆ.

1. ಮೋಟಾರು, ಹಾಲು ಹಿಂಡುವ ಯಂತ್ರಗಳಿಗೆ ಅರ್ಥಿಂಗ್ ಇರಲೇಬೇಕು. ಮಳೆಗಾಲದ ಮುನ್ನ ಪರೀಕ್ಷೆ ಮಾಡಿಸಿ.
2. ಕೊಟ್ಟಿಗೆಯ ಲೈನಿಗೆ 30 ಮಿಲಿ ಆಂಪೇರಿನ ಆರ್.ಸಿ.ಸಿ.ಬಿ. ಹಾಕಿಸಿ. ಕರೆಂಟು ಸೋರಿದರೆ ಅದು ಕ್ಷಣದಲ್ಲಿ ಕಡಿದುಬಿಡುತ್ತದೆ.
3. ವಿದ್ಯುತ್ ಕಂಬಕ್ಕಾಗಲೀ ಅದರ ಸ್ಟೇ ತಂತಿಗಾಗಲೀ ದನ ಕಟ್ಟಬೇಡಿ. ಪತ್ರಾಸಿನ ಚಾವಣಿಗೆ ತಾಗುವಂತೆ ವೈರ್ ಎಳೆಯಬೇಡಿ.
4. ದನಕ್ಕೆ ಶಾಕ್ ಹೊಡೆದಾಗ ಅದನ್ನು ಮುಟ್ಟಲು ಓಡಬೇಡಿ. ಮೊದಲು ಮೇನ್ ಸ್ವಿಚ್ ಇಳಿಸಿ.
5. ಲೈನು ಕಡಿದು ಬಿದ್ದಿದ್ದರೆ ಹತ್ತು ಮೀಟರಿಗೂ ದೂರ ನಿಂತು, ಇತರರನ್ನೂ ತಡೆದು, 1912ಕ್ಕೆ ಫೋನ್ ಮಾಡಿ.
6. ದನ ಸತ್ತರೆ ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ವಿಮೆಗೂ ಪರಿಹಾರದ ಅರ್ಜಿಗೂ ಆ ವರದಿ ಬೇಕು.

ಮಕ್ಕಳಿಗೆ ಮನೆಗೆಲಸ

1. 1 ಕಿಲೋವ್ಯಾಟ್ ಹೀಟರ್ ಒಂದೂವರೆ ತಾಸು, 100 ವ್ಯಾಟ್ ಬಲ್ಬು 15 ತಾಸು ನಡೆದರೆ ಯಾವುದಕ್ಕೆ ಯೂನಿಟ್ ಹೆಚ್ಚು?
2. 5 ಎಚ್.ಪಿ. ಎಂದರೆ ಎಷ್ಟು ಕಿಲೋವ್ಯಾಟ್?
3. ನಿಮ್ಮ ಮನೆಯ ಮೀಟರನ್ನು ಇಂದು ಸಂಜೆ ಮತ್ತು ನಾಳೆ ಸಂಜೆ ಓದಿ. ಒಂದು ದಿನಕ್ಕೆ ಎಷ್ಟು ಯೂನಿಟ್? ಅದರಲ್ಲಿ ಯಾವ ಸಾಮಾನಿಗೆ ಎಷ್ಟು?

ಉತ್ತರ: ಮೊದಲನೆಯದಕ್ಕೆ ಎರಡೂ ಸಮ, ತಲಾ ಒಂದೂವರೆ ಯೂನಿಟ್. ಎರಡನೆಯದಕ್ಕೆ 3.73 ಕಿಲೋವ್ಯಾಟ್. ಮೂರನೆಯದರ ಉತ್ತರ ನಿಮ್ಮ ಗೋಡೆಯ ಮೇಲಿದೆ. ಮಗ ಅಥವಾ ಮಗಳು ಅದನ್ನು ಬರೆದು ತಂದಾಗ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿರಿ. ಹಾಲಿನ ಪಾಸ್‌ಬುಕ್ಕನ್ನು ತಪ್ಪದೆ ನೋಡುವ ನಾವು ಮೀಟರನ್ನೂ ಹಾಗೆಯೇ ನೋಡಲು ಕಲಿತರೆ ಹೈನುಗಾರಿಕೆಯ ಖರ್ಚು ನಮ್ಮ ಕೈಯಲ್ಲಿರುತ್ತದೆ.