ಎಳೆಯುವ ಮೊದಲು ಅಗೆಯಿರಿ

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗಳಲ್ಲಿ ಮಳೆಗಾಲ ಪೂರ್ತಿ ಜೀಪು ಓಡಿಸುವವರು ಒಂದಲ್ಲ ಒಂದು ದಿನ ಕೆಸರಲ್ಲಿ ಹೂತುಕೊಳ್ಳುವುದು ಇದ್ದದ್ದೇ. ನಾನು ಮಿಕ್ಕವರಿಗಿಂತ ಸ್ವಲ್ಪ ಧಾರಾಳವಾಗಿಯೇ ಹೂತುಕೊಂಡಿದ್ದೇನೆ. ಜೀಪು ತೆಗೆಯುವುದೆಂದರೆ ಎಳೆಯುವುದು ಅಂತಲೇ ಬಹಳ ಕಾಲ ನಂಬಿದ್ದೆ. ಎಳೆಯುವುದು ಆ ಕೆಲಸದ ಕೊನೆಯ, ಸಣ್ಣ ಭಾಗ ಎಂದು ತಿಳಿಯುವಷ್ಟರಲ್ಲಿ ಒಂದು ಬಂಪರ್, ಕೆಲವು ಹಗ್ಗ ಮತ್ತು ಹಲವರ ತಾಳ್ಮೆ ಖರ್ಚಾಗಿದ್ದವು.

1. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ

ಚಕ್ರ ಜಾರತೊಡಗಿದ ಕೂಡಲೇ ಇನ್ನಷ್ಟು ಒತ್ತುವುದು ಮನುಷ್ಯ ಸ್ವಭಾವ. ನಾನೂ ಒತ್ತುತ್ತಿದ್ದೆ. ಲಾಕ್ ಇಲ್ಲದ ಸಾಧಾರಣ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಹಿಡಿತ ತಪ್ಪಿ ತಿರುಗತೊಡಗಿದರೆ ಜೊತೆಯ ಚಕ್ರಕ್ಕೂ ತಳ್ಳುವ ಶಕ್ತಿ ಉಳಿಯುವುದಿಲ್ಲ. ಎಂಜಿನ್ ಅರಚುತ್ತದೆ, ಒಂದು ಚಕ್ರ ಬಾವಿ ತೋಡುತ್ತದೆ, ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಆಕ್ಸಲ್ ಮತ್ತು ಅದರ ಹೌಸಿಂಗ್ ಕೆಸರಿಗೆ ಊರಿಬಿಟ್ಟರಂತೂ ಟಯರುಗಳಿಗೆ ನೆಲದ ಆಸರೆಯೇ ಇಲ್ಲ. ಜಾರಿತು ಅನಿಸಿದ ಕ್ಷಣ ನಿಲ್ಲಿಸಿ, ಲೋ ಹಾಕಿ, ಬಂದ ಜಾಡಿನಲ್ಲೇ ಮೆಲ್ಲಗೆ ರಿವರ್ಸ್ ಬನ್ನಿ. ಆ ಜಾಡು ಒಮ್ಮೆಯಾದರೂ ನಿಮ್ಮನ್ನು ಹೊತ್ತಿದೆ. ಮುಂದಿನದರ ಬಗ್ಗೆ ಆ ಭರವಸೆ ಇಲ್ಲ.

2. ಇಳಿದು ಹಬ್ ನೋಡಿ

ಹಳೆಯ ಜೀಪು, ಜಿಪ್ಸಿಗಳಲ್ಲಿ ಒಳಗಿನ ಫೋರ್‌ವೀಲ್ ಲಿವರ್ ಎಳೆದರಷ್ಟೇ ಸಾಲದು, ಮುಂದಿನ ಚಕ್ರದ ಹಬ್‌ಗಳನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಅದನ್ನು ಮರೆತು ಅರ್ಧ ಗಂಟೆ ಒದ್ದಾಡಿದ್ದೇನೆ. ಕೊನೆಗೆ ಹೊರೆ ಹುಲ್ಲು ಹೊತ್ತು ಹೋಗುತ್ತಿದ್ದವರೊಬ್ಬರು, "ಮಾರಾಯ್ರೆ, ಮುಂದಿನ ಚಕ್ರ ತಿರುಗೋದೇ ಇಲ್ವಲ್ಲ" ಎಂದರು. ಈ ಪಾಠಕ್ಕೆ ಇದಕ್ಕಿಂತ ಹೆಚ್ಚು ವಿವರ ಬೇಡ.

3. ವಿಂಚ್‌ಗಿಂತ ಮೊದಲು ಸಲಿಕೆ

ವಿಂಚ್ ಹಾಕಿಸಿದ ಮೊದಲ ವರ್ಷ ನಾನು ಸಲಿಕೆ ಮುಟ್ಟಲಿಲ್ಲ. ವಿಂಚ್‌ನ ಮೋಟಾರು ಬಿಸಿಯಾಯಿತು, ಬ್ಯಾಟರಿ ಕೂತಿತು, ಜೀಪು ಮಾತ್ರ ಅಲ್ಲಾಡಲಿಲ್ಲ.

ವಾಹನ ಎಳೆಯುವವರಲ್ಲಿ ಒಂದು ಅಂದಾಜು ಲೆಕ್ಕವಿದೆ. ಚಕ್ರದ ಮಟ್ಟಕ್ಕೆ ಹೂತರೆ ಗಾಡಿಯ ಪೂರ್ತಿ ತೂಕದಷ್ಟು ಬಲ ಬೇಕು. ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಅದರ ಎರಡರಷ್ಟು. ಎರಡು ಟನ್ನಿನ ಗಾಡಿಗೆ ನಾಲ್ಕು ಟನ್. ವಿಂಚ್‌ನ ಮೇಲೆ ಬರೆದಿರುವ ಸಾಮರ್ಥ್ಯವಾದರೋ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಮೇಲೆ ಪದರ ಏರಿದಂತೆ ಬಲ ಇಳಿಯುತ್ತದೆ. ಹತ್ತಿರದ ಮರಕ್ಕೆ ಕಟ್ಟಿ ಸ್ವಲ್ಪವೇ ರೋಪ್ ಬಿಚ್ಚಿ ಎಳೆಯುವ ನನ್ನ ಸೋಮಾರಿತನಕ್ಕೆ ಸಿಕ್ಕ ಶಿಕ್ಷೆ ಅದು. ಪುಲ್ಲಿ ಹಾಕಿ ರೋಪನ್ನು ವಾಪಸು ಜೀಪಿಗೇ ತಂದು ಸಿಕ್ಕಿಸಿದರೆ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ವೇಗ ಇಳಿಯುವುದೂ ಲಾಭವೇ.

ಆದರೆ ಸಲಿಕೆ ಆ ನಾಲ್ಕು ಟನ್ನನ್ನೇ ಕಡಿಮೆ ಮಾಡುತ್ತದೆ. ಮೊದಲು ತಗ್ಗಿನ ಕಡೆಗೆ ಕಾಲುವೆ ಕಡಿದು ನಿಂತ ನೀರು ಬಸಿಯಲು ಬಿಡಿ. ಆಮೇಲೆ ಹೌಸಿಂಗ್ ಅಡಿಯ ಮಣ್ಣು ತೆಗೆಯಿರಿ. ಜೀಪನ್ನು ಹಿಡಿದಿಟ್ಟಿರುವುದು ಹೆಚ್ಚಿನ ಸಲ ಅದೇ. ಕೊನೆಗೆ ಪ್ರತಿ ಚಕ್ರದ ಮುಂದೆ ಇಳಿಜಾರು ಮಾಡಿ. ಚಕ್ರದೆದುರು ಗೋಡೆಯಂತೆ ನಿಂತ ಮಣ್ಣನ್ನು ಬಿಟ್ಟು ಪಕ್ಕದಲ್ಲೆಲ್ಲ ಅಗೆದು ಸುಸ್ತಾದವನು ನಾನು.

4. ಚಕ್ರದಡಿ ಕಲ್ಲು ತುರುಕಬೇಡಿ

ಕಲ್ಲು ಕೆಸರಲ್ಲಿ ಮುಳುಗುತ್ತದೆ, ಇಲ್ಲವೇ ಕವಣೆಯಿಂದ ಬಿಟ್ಟಂತೆ ಹಿಂದಕ್ಕೆ ಹಾರುತ್ತದೆ. ಒಮ್ಮೆ ಅಡಿಕೆ ಹಾಳೆ ಇಟ್ಟೆ. ಮಕ್ಕಳು ಹಾಳೆಯ ಮೇಲೆ ಕೂತು ಜಾರುತ್ತಾರೆಂಬುದು ಆಗ ನೆನಪಿಗೆ ಬರಲಿಲ್ಲ. ಕೆಲಸಕ್ಕೆ ಬಂದದ್ದು ಅಡಿಕೆ ದಬ್ಬೆ: ಚಕ್ರದ ದಾರಿಗೆ ಅಡ್ಡಡ್ಡಲಾಗಿ, ಒತ್ತೊತ್ತಾಗಿ ಜೋಡಿಸಿ, ಮೇಲೊಂದಿಷ್ಟು ಸೊಪ್ಪು. ಹಿಂದುಗಡೆ ಯಾರನ್ನೂ ನಿಲ್ಲಿಸಬೇಡಿ, ದಬ್ಬೆಯೂ ಹಾರುತ್ತದೆ.

5. ಟಯರಿನ ಗಾಳಿ ಇಳಿಸಿ, ಪಂಪ್ ಇದ್ದರೆ ಮಾತ್ರ

ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇರುವ ಒತ್ತಡವನ್ನು 18ಕ್ಕೆ ತಂದರೆ ಟಯರ್ ಅಗಲವಾಗಿ ಊರುತ್ತದೆ, ಹೂಳುವುದು ಕಡಿಮೆ. ಇನ್ನೂ ಇಳಿಸುತ್ತಾ ಹೋದರೆ ತಿರುವಿನಲ್ಲಿ ಟಯರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು. ಎರೆಮಣ್ಣಿನಲ್ಲಿ ಇದಾವುದೂ ಅಷ್ಟಾಗಿ ನಡೆಯದು. ಗದಗದ ಕಡೆ ಒಂದು ಹೊಲದಲ್ಲಿ ಟಯರಿನ ಹಲ್ಲುಗಳ ಸಂದಿಗೆಲ್ಲ ಮಣ್ಣು ಮೆತ್ತಿ ಚಕ್ರಗಳು ನುಣ್ಣನೆ ರೋಲರ್ ಆದವು. ಹೊಲದ ಯಜಮಾನರು "ಬಿಸಿಲು ಬೀಳ್ಲಿ ತಡೀರಿ" ಎಂದು ಜೋಳದ ರೊಟ್ಟಿ ಕೊಟ್ಟರು. ಮಾರನೇ ದಿನ ಮಧ್ಯಾಹ್ನ ಜೀಪು ತಾನಾಗಿ ಬಂತು.

6. ಹಗ್ಗ ಎಲ್ಲಿಗೆ ಕಟ್ಟುತ್ತೀರಿ ಎಂಬುದೇ ಜೀವದ ಪ್ರಶ್ನೆ

ನಾನು ಬಂಪರ್‌ಗೆ ಕಟ್ಟಿದ್ದೆ. ಟ್ರ್ಯಾಕ್ಟರ್ ಎಳೆಯಿತು; ಬಂಪರ್ ಹೋಯಿತು, ಜೀಪು ಉಳಿಯಿತು. ಯಾರಿಗೂ ತಾಗಲಿಲ್ಲ, ಅದು ಜಾಣತನವಲ್ಲ, ಅದೃಷ್ಟ. ಛಾಸಿಗೆ ಕೂರಿಸಿದ ಗಟ್ಟಿ ಕೊಕ್ಕೆಗೆ ಮಾತ್ರ ಕಟ್ಟಿ. ಬಿಗಿಯಾದ ರೋಪ್ ಮೇಲೆ ಒದ್ದೆ ಗೋಣಿಚೀಲ ಹಾಕಿ, ನೋಡಲು ಬಂದವರನ್ನು ರೋಪಿನ ಉದ್ದಕ್ಕಿಂತ ದೂರ ಕಳಿಸಿ. ಜರ್ಕ್ ಕೊಟ್ಟು ಎಳೆಯುವುದಾದರೆ ಅದಕ್ಕೆಂದೇ ಮಾಡಿದ ಹಿಗ್ಗುವ ನೈಲಾನ್ ರೋಪ್ ಬೇಕು. ಸರಪಳಿ, ತಂತಿಯಿಂದ ಬೇಡವೇ ಬೇಡ.

ಮರದ ಆಯ್ಕೆಯಲ್ಲೂ ಎಡವಿದ್ದೇನೆ. ಹಾಲುವಾಣ ಮೆದು, ಸಿಲ್ವರ್ ಓಕ್ ಪೆಡಸು. ಹಲಸು, ಮತ್ತಿ ಸಿಕ್ಕರೆ ಬುಡಕ್ಕೆ ಅಗಲವಾದ ಬೆಲ್ಟ್ ಸುತ್ತಿ. ಬರಿಯ ತಂತಿ ಸುತ್ತಿದರೆ ತೊಗಟೆ ಸೀಳುತ್ತದೆ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದರೆ ತೋಟದವರ ಬಾಯಿಗೆ ಬೀಳುವುದೂ ಖಚಿತ. ಅವರ ಸಿಟ್ಟು ನ್ಯಾಯವಾದದ್ದೇ.

7. ಜೀಪು ಬಂದ ಮೇಲೂ ಕೆಲಸವಿದೆ

ರೇಡಿಯೇಟರ್ ಸಂದಿಯ ಕೆಸರು ಒಣಗುವ ಮೊದಲು ತೊಳೆಯಿರಿ, ಇಲ್ಲದಿದ್ದರೆ ಘಾಟಿ ಹತ್ತುವಾಗ ಎಂಜಿನ್ ಕಾಯುತ್ತದೆ. ಬ್ರೇಕ್ ಡ್ರಮ್ ಬಿಚ್ಚಿಸಿ ತೊಳೆಸಿ. ಹೌಸಿಂಗ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ, ತಡಮಾಡದೆ ಬದಲಿಸಿ.

ಇಷ್ಟಕ್ಕೂ ಮೊದಲು, ಅಲ್ಲಿಂದ ಹೊರಡುವ ಮುನ್ನ ನೀವು ತೋಡಿದ ಗುಂಡಿ ಮುಚ್ಚಿ ಬನ್ನಿ. ಬಿಟ್ಟ ಜಾಡಿನಲ್ಲೇ ರಾತ್ರಿಯ ಮಳೆನೀರು ಹರಿದು ದಾರಿ ಕೊರೆದುಹೋಗುತ್ತದೆ, ಬೆಳಿಗ್ಗೆ ಅದೇ ದಾರಿಯಲ್ಲಿ ಆ ಊರಿನ ಮಕ್ಕಳು ಶಾಲೆಗೆ ಹೋಗಬೇಕು.